ಎದ್ದು ಹೋದವನು

"ಅದು ನನ್ನ ಜಾಗ ರೀ!"

"ಅಲ್ಲೇನು ನಿಮ್ಮ ಹೆಸರು ಬರೆದಿದೆಯಾ?" ಗಂಡಸಿನ ದನಿ ನಗುತ್ತ ಕೇಳಿತು.

ಕಿಟಕಿಯಿದ್ದ ಕೋಣೆಗೆ ಉಳಿದಿದ್ದದ್ದು ಒಂದೇ ಹೊತ್ತು, ಬೆಳಿಗ್ಗೆ ಹತ್ತು ಗಂಟೆಯದು. ಸಮ್ಮೇಳನದ ವೇಳಾಪಟ್ಟಿ ಹಲಗೆಯ ಆ ಖಾಲಿ ಚೌಕದ ಮೇಲೆ ಎರಡು ಕೈಗಳು, ಎರಡು ಚೀಟಿಗಳು. ಬೆರಳಿಗೆ ಬೆರಳು ತಾಕಿದ್ದೇ ತಡ, ಅವಳು ಒಲೆಯ ಮೇಲಿನ ಪಾತ್ರೆ ಮುಟ್ಟಿದವಳಂತೆ ಕೈ ಎಳೆದುಕೊಂಡಳು.

ಅಯ್ಯೋ ದೇವರೇ... ಇವರಾ!

ಮೂರು ವರ್ಷದಿಂದ ಪ್ರತಿ ಸಮ್ಮೇಳನದಲ್ಲೂ ದೂರದಿಂದಲೇ ನೋಡಿದ ಮುಖ. ಮ್ಯೂಸಿಯಂನಲ್ಲಿ ಹಳೆಯ ಕಾಗದಪತ್ರಗಳನ್ನು ರಿಪೇರಿ ಮಾಡುವವನು. ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ 'ಮ್ಯೂಸಿಯಂ' ಎಂದು. ಅವಳು ಒಂದು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ಅಂಟಿಸುವವಳು. ಹನ್ನೊಂದು ವರ್ಷದಲ್ಲಿ ಪುಸ್ತಕಗಳ ಜೊತೆ ಆಡಿದಷ್ಟು ಮಾತನ್ನು ಮನುಷ್ಯರ ಜೊತೆ ಆಡಿದವಳಲ್ಲ.

ಅವನು ಅವಳ ಚೀಟಿ ಓದಿದ. 'ನಾನು ಕೆಡಿಸಿದ ಪುಸ್ತಕ' ಎಂದಿತ್ತು.

ಅವನ ಮುಖದ ನಗು ನಿಂತಿತು. ತನ್ನ ಚೀಟಿಯನ್ನು ಮೂಲೆಯ ಕತ್ತಲೆ ಕೋಣೆಯ ಚೌಕಕ್ಕೆ ಅಂಟಿಸಿ, "ಕಿಟಕಿ ನಿಮಗೇ ಇರ್ಲಿ. ನಮಗೆ ಆ ಗೂಡು ಸಾಕು" ಎಂದು ಹೋಗಿಬಿಟ್ಟ.

ಪುಸ್ತಕ ರಿಪೇರಿಯವರ ಸಮ್ಮೇಳನದಲ್ಲಿ ಮೊದಲ ದಿನ ದೊಡ್ಡವರ ಭಾಷಣ. ಎರಡನೆಯ ದಿನ ಭಾಷಣಕಾರರೇ ಇಲ್ಲ. ಬಂದವರಲ್ಲಿ ಯಾರಿಗೆ ಏನು ಹೇಳಬೇಕೆನಿಸುತ್ತದೋ ಅವರು ಚೀಟಿ ಬರೆದು ಹಲಗೆಗೆ ಅಂಟಿಸಬೇಕು, ಬೇಕಾದವರು ಬಂದು ಕೂರಬೇಕು. ನಿಯಮ ಒಂದೇ: 'ಕೂತಲ್ಲಿ ನಿಮಗೆ ಏನೂ ಸಿಗದಿದ್ದರೆ ಎದ್ದು ಹೋಗಿ. ಯಾರೂ ಬೇಸರ ಮಾಡಿಕೊಳ್ಳಬಾರದು.'

ಬೇಸರ ಮಾಡಿಕೊಳ್ಳಬಾರದು ಎಂದು ಬರೆದು ತೂಗುಹಾಕಿದ ಮಾತ್ರಕ್ಕೆ ಮನಸ್ಸು ಕೇಳುತ್ತದೆಯೇ?

ಹತ್ತು ಗಂಟೆಗೆ ಎಂಟು ಜನ ಬಂದರು. ಅವಳು ಶುರು ಮಾಡಲು ತಡವರಿಸುತ್ತ ಹತ್ತು ನಿಮಿಷ ಕಳೆದ ಮೇಲೆ ಅವನೂ ಬಂದು ಬಾಗಿಲ ಹತ್ತಿರ ಕೂತ. ಇವರದ್ದೂ ಇದೇ ಹೊತ್ತಿಗಲ್ಲವೇ? ನನ್ನ ಮಾತು ಕೇಳಲು ಬಂದರೇ? ಅವಳ ಎದೆಯೊಳಗೆ ಏನೋ ಹಗುರವಾಯಿತು.

ಕಣ್ಣು ಮುಚ್ಚಿ ಒಂದು ಕ್ಷಣ ದೇವರನ್ನು ನೆನೆದಳು. ಇವತ್ತು ಹೇಳಿಸಿಬಿಡು ತಂದೆ, ಹೊತ್ತು ಹೊತ್ತು ಸಾಕಾಗಿದೆ.

"ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ... ಒಬ್ಬರು ಅವರಮ್ಮನ ನೋಟ್‌ಬುಕ್ ತಂದಿದ್ರು. ಅಮ್ಮ ತೀರಿಕೊಂಡಿದ್ರು. ಮಕ್ಕಳಿಗೆ ಅಂತ ಕಟ್ಟಿದ ಹಾಡುಗಳು, ಅವರದೇ ಕೈಬರಹ. ಕಲೆ ತೆಗೆದುಕೊಡಿ ಅಂದ್ರು. ಮೂಲೇಲಿ ಒಂದು ಹನಿ ನೀರು ಮುಟ್ಟಿಸಿ, ಶಾಯಿ ನಿಲ್ಲುತ್ತಾ ಅಂತ ನೋಡ್ಬೇಕು. ನಾನು... ನೋಡ್ಲಿಲ್ಲ. ಹಾಳೆಗಳನ್ನ ಬಿಡಿಸಿ ಹಾಗೇ ನೀರಿಗೆ ಹಾಕಿಬಿಟ್ಟೆ."

ಮುಂದಿನ ಸಾಲಿನಲ್ಲಿ ಒಬ್ಬರು ಪೆನ್ನು ಕೆಳಗಿಟ್ಟರು.

"ನನ್ನ ಕಣ್ಣೆದುರೇ ಆ ತಾಯಿಯ ಅಕ್ಷರಗಳು..."

ಕುರ್ಚಿ ಸರಿದ ಸದ್ದು.

ಅವನು ಎದ್ದಿದ್ದ! ಅವಳನ್ನು ನೋಡಲೂ ಇಲ್ಲ, ದಡದಡನೆ ಹೊರಟೇಹೋದ. ಒಬ್ಬರು ಎದ್ದರೆ ಇನ್ನೊಬ್ಬರಿಗೂ ಕಾಲು ಬರುತ್ತದಲ್ಲ, ಅವನ ಹಿಂದೆ ಮತ್ತಿಬ್ಬರು ಹೋದರು.

ಹೇಳಲೇಬೇಕಾದ ಮಾತು ಇನ್ನೂ ಒಳಗೇ ಇತ್ತು.

"ಅಷ್ಟೇ..." ಎಂದವಳು ಚೀಲವನ್ನೂ ತೆಗೆದುಕೊಳ್ಳದೆ ಹೊರಬಂದಳು.

ಟೀ ಮಾಡುವ ಕೋಣೆಯಲ್ಲಿ ಅವಳನ್ನು ಹಿಡಿದದ್ದು ಗೋಂದಜ್ಜಿ. ಅವಳಿಗೆ ಕೆಲಸ ಕಲಿಸಿದ ಹಿರಿಯಾಕೆ. ಹಿಂದೊಮ್ಮೆ ತಮ್ಮ ಕನ್ನಡಕವನ್ನೇ ರಟ್ಟಿನ ಜೊತೆ ಸೇರಿಸಿ ಅಂಟಿಸಿದ್ದರಿಂದ ಬಂದ ಹೆಸರು.

"ಇಲ್ಲಿ ಮೂಗು ಒರೆಸ್ಕೋತಾ ಕೂತಿದೀಯಾ? ಅಲ್ಲಿ ನಿನ್ನ ಕೋಣೇಲಿ ಕೂರೋಕೆ ಜಾಗ ಇಲ್ಲ ಕಣೇ!"

"ತಮಾಷೆ ಮಾಡ್ಬೇಡಿ ಅಜ್ಜಿ. ಇದ್ದವರೇ ಎದ್ದು ಹೋದ್ರು."

"ಹೋದವನು ತನ್ನ ಕೋಣೆ ಖಾಲಿ ಮಾಡಿಸಿ, ಹದಿನಾಲ್ಕು ಜನರನ್ನ ಕುರ್ಚಿ ಸಮೇತ ಹೊರಿಸ್ಕೊಂಡು ಬಂದಿದಾನೆ. ನೀನಿಲ್ಲ ಅಂತ ಮುಖ ಇಷ್ಟುದ್ದ ಮಾಡ್ಕೊಂಡು ನಿಂತಿದಾನೆ. ಎದ್ದು ಬಾ."

ಅವಳಿಗೆ ಅರ್ಥವಾಗಲಿಲ್ಲ. ಮೆಟ್ಟಿಲ ಬಳಿ ಅವನೇ ಎದುರಾದ, ಏದುಸಿರು ಬಿಡುತ್ತ, ಕೈಯಲ್ಲಿ ಅವಳ ಚೀಲ ಹಿಡಿದು.

"ನಾನು ಬಂದಿದ್ದೇ ತಪ್ಪಾಯ್ತಾ?" ಎಂದ. "ನನ್ನ ಮುಖ ನೋಡಿದ್ಮೇಲೇ ನೀವು ಎದ್ದು ಹೋದ್ರಿ ಅಂದ್ಕೊಂಡೆ..."

"ಎದ್ದು ಹೋಗಿದ್ದು ನಾನಾ, ನೀವಾ?"

"ನನ್ನ ಚೀಟಿಯಲ್ಲಿದ್ದದ್ದು 'ನೀರಿಗೆ ಕರಗುವ ಶಾಯಿ' ಅಂತ. ಅಲ್ಲಿ ಕೂತ ಹದಿನಾಲ್ಕೂ ಜನ ಒಂದಲ್ಲ ಒಂದು ಸಲ ಇದೇ ತಪ್ಪು ಮಾಡಿದವರು, ಮಾತಿನ ವರಸೆಯಲ್ಲೇ ಗೊತ್ತಾಗುತ್ತೆ. ನಾನೂ ಅಷ್ಟೇ. ಒಬ್ಬರಿಗೂ ಬಾಯಿ ಬಿಟ್ಟು ಹೇಳೋ ಧೈರ್ಯ ಇಲ್ಲ, ಬರೀ ಶಾಯಿ ಬಗ್ಗೆ ಮಾತಾಡ್ತಾ ಕೂತಿದ್ವಿ. ಅವರನ್ನ ಅಲ್ಲೇ ಬಿಟ್ಟು ನಿಮ್ಮ ಮಾತು ಕೇಳೋಕೆ ಬಂದೆ. ನೀವು ಶುರು ಮಾಡಿದ್ರಲ್ಲ... ಇದನ್ನ ಅವರು ಕೇಳ್ಲೇಬೇಕು ಅನಿಸ್ತು. ಓಡಿದೆ."

"ಒಂದು ಮಾತು ಹೇಳಿ ಓಡೋಕೆ ಏನಾಗಿತ್ತು ನಿಮಗೆ?"

"ಹೊಳೀಲಿಲ್ಲ!"

ಅವನ ಪೆಚ್ಚು ಮುಖ ನೋಡಿ ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಕೋಣೆಗೆ ಮರಳಿದಳು. ಬಿಸಿಲು ನೆಲದ ಮೇಲೆ ಹರಡಿತ್ತು, ಕಾದು ಕೂತ ಮುಖಗಳಲ್ಲಿ ಅವಸರವಿರಲಿಲ್ಲ. ಅವಳು ನಿಂತು, ಹನ್ನೊಂದು ವರ್ಷ ನುಂಗಿದ್ದನ್ನು ಹೇಳಿದಳು.

"ಅವರು ನೋಟ್‌ಬುಕ್ ತಗೊಳ್ಳೋಕೆ ಬಂದಾಗ, ಒಳಗಿನ ಹಾಳೆಗಳು ನಮ್ಮ ಕೈಗೆ ಬಂದಾಗಲೇ ಹೀಗಿದ್ವು ಅಂದೆ. ಸುಳ್ಳು ಹೇಳಿದೆ. ಅವರು... ನಂಬಿದ್ರು."

ಯಾರೂ ಎದ್ದು ಹೋಗಲಿಲ್ಲ. ಹಿಂದಿನಿಂದ ಒಬ್ಬರು ಗಂಟಲು ಸರಿಮಾಡಿಕೊಂಡು, "ನಂದೂ ಒಂದಿದೆ" ಎಂದರು. ಆಮೇಲೆ ಇನ್ನೊಬ್ಬರು. ಗೋಂದಜ್ಜಿ ತಮ್ಮ ಪಾಲಿನದನ್ನು ಹೇಳುವ ಹೊತ್ತಿಗೆ ಊಟದ ಗಂಟೆ ಬಾರಿಸಿ ಅರ್ಧ ತಾಸಾಗಿತ್ತು.

ಸಂಜೆ ಅವಳು ಅವನಿಗೆ ಹೇಳಿದಳು: "ಇಲ್ಲಿ ಹೇಳಿದ್ರೆ ಮುಗಿಯಲ್ಲ. ಆ ನೋಟ್‌ಬುಕ್ ತಂದಿದ್ದಾಕೆ ಮನೆ ಗೊತ್ತು ನನಗೆ. ನಾಳೆ ಹೋಗ್ತೀನಿ."

"ಜೊತೆಗೆ ಬರ್ಲಾ? ಒಳಗೆ ಬರಲ್ಲ. ಬೀದೀಲಿ ನಿಂತಿರ್ತೀನಿ."

ಅವಳು ಬೇಡ ಎನ್ನಲಿಲ್ಲ.

ಮರುದಿನ ಮುಚ್ಚಿದ ಆ ಹಸಿರು ಬಾಗಿಲನ್ನು ನೋಡುತ್ತ ಅವನು ಎದುರಿನ ಕಟ್ಟೆಯ ಮೇಲೆ ಕೂತಿದ್ದ. ಒಳಗಿನಿಂದ ಏರಿದ ದನಿ ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅವಳು ಹೊರಬಂದಾಗ ಕಣ್ಣುಗಳು ಕೆಂಪಾಗಿದ್ದವು. ಆದರೆ ಮುಖದಲ್ಲಿ, ಜ್ವರ ಬಿಟ್ಟ ಮಗುವಿನ ಮುಖದಲ್ಲಿರುತ್ತದಲ್ಲ, ಅಂಥದ್ದೊಂದು ಶಾಂತಿ.

"ಏನಂದ್ರು?"

"ಚೆನ್ನಾಗಿ ಬೈದ್ರು. ಅಷ್ಟೂ ನನಗೆ ಬರಬೇಕಾಗಿದ್ದೇ. ಹೊರಡೋವಾಗ ಒಂದು ಲೋಟ ನೀರು ಕೊಟ್ಟು, 'ಯಾವಾಗಲಾದ್ರೂ ಬಾ' ಅಂದ್ರು."

ದೇವರು ಕ್ಷಮೆಯನ್ನು ಒಮ್ಮೆಗೇ ಸುರಿಯುವುದಿಲ್ಲ. ಕುಡಿಯುವಷ್ಟು ಕೊಡುತ್ತಾನೆ.

ಇಬ್ಬರೂ ನಾಲ್ಕು ಹೆಜ್ಜೆ ನಡೆದರು. ಅವನು ನಿಂತ.

"ನಂದೂ ಒಂದು ಹೇಳೋದಿದೆ."

"ಯಾವ ಪುಸ್ತಕ ಕೆಡಿಸಿದ್ರಿ?"

"ಪುಸ್ತಕ ಅಲ್ಲ ರೀ! ಪ್ರತಿ ವರ್ಷ ಸಮ್ಮೇಳನದಲ್ಲಿ ಹಿಂದಿನ ಸಾಲಲ್ಲಿ ಒಬ್ಬರು ಬಾಯಿ ತೆಗೆಯೋರು, ಹಾಗೇ ಮುಚ್ಚಿಬಿಡೋರು. ಅವರೇನು ಹೇಳೋಕೆ ಹೊರಟಿದ್ರು ಅಂತ ಯೋಚನೆ ಮಾಡ್ತಾ ಮಾಡ್ತಾ... ಮೂರು ವರ್ಷ ಆಯ್ತು. ಅವರು ಹೇಳೋದನ್ನೆಲ್ಲ ಜೀವನಪೂರ್ತಿ ಕೇಳ್ಬೇಕು ಅಂತ ಆಸೆ."

ಅವಳ ಕಿವಿಯ ತುದಿ ಬೆಚ್ಚಗಾಯಿತು. ಉತ್ತರ ಬಾಯಿಗೆ ಬಂದೂ ತಡೆದಳು... ಆಮೇಲೆ, ಈ ಸಲ ತಡೆಯಬಾರದೆನಿಸಿತು.

"ಭಾನುವಾರ ನಮ್ಮನೆಗೆ ಬನ್ನಿ. ಅಪ್ಪ ಸಾವಿರ ಪ್ರಶ್ನೆ ಕೇಳ್ತಾರೆ."

"ನೀವು?"

"ನಾನು ಕೇಳೋದು ಒಂದೇ."

"ಏನು?"

"ಇಷ್ಟು ದಿನ ಯಾಕೆ ತಡ ಮಾಡಿದ್ರಿ?"