ಮೊಳೆಯಿಂದ ಇಳಿಸಿದ ಸೌಟು

“ಅದನ್ನು ಮುಟ್ಟಬೇಡಿ ಡಾಕ್ಟ್ರೇ,” ಎಂದರು ಅನಂತಮತಿಯಮ್ಮ. ಅಷ್ಟರಲ್ಲಿ ಶೇಖರ ಅಡುಗೆಮನೆಯ ಗೋಡೆಯ ಮೊಳೆಯಿಂದ ಹಿತ್ತಾಳೆಯ ಸೌಟನ್ನು ಇಳಿಸಿಯಾಗಿತ್ತು.

ಬೊಂಬಾಯಿಯಲ್ಲಿ ವೈದ್ಯಕೀಯ ಮುಗಿಸಿ, ಮನಸ್ಸಿನ ರೋಗಗಳ ಪಾಠವನ್ನೂ ಕಲಿತು, ಐವತ್ತೊಂಬತ್ತನೇ ಇಸವಿಯಲ್ಲಿ ಮೂಡಬಿದ್ರೆಗೆ ಬಂದು ಔಷಧಾಲಯ ತೆರೆದಿದ್ದ ಶೇಖರ. ಅನಂತಮತಿಯಮ್ಮನ ಮಗ ವೀರರಾಜ ಹೆಂಡತಿ ಯಶೋದೆಯ ತೋಳು ಮುರಿದಿದ್ದ. ಕಟ್ಟು ಹಾಕಲು ಶೇಖರನಿಗೆ ಕರೆ ಬಂದಿತ್ತು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಹಿಂದೊಮ್ಮೆ ಬಡಿಸಲು ತಡವಾಯಿತೆಂದು ಅನಂತಮತಿಯಮ್ಮನ ಅತ್ತೆಯನ್ನು ಮಾವ ಇದೇ ಸೌಟಿನಿಂದ ಬಡಿದು ಕೊಂದಿದ್ದರಂತೆ.

“ಸಾಯುವಾಗ ಅತ್ತೆ ಶಾಪ ಹಾಕಿದ್ದು. ಇದನ್ನು ಮುಟ್ಟಿದ ಗಂಡಸಿನ ಒಳಗೆ ಏನುಂಟೋ ಅದು ಹೊರಗೆ ಬರಲಿ ಅಂತ. ನಮ್ಮ ವೀರರಾಜ ಸಣ್ಣದಿರುವಾಗ ಇದನ್ನು ಮುಟ್ಟಿದ್ದಾನೆ.”

ಶೇಖರ ನಕ್ಕ. “ಯಜಮಾನರು ನಿಮಗೆ ಹೊಡೆಯುವುದನ್ನು ವೀರರಾಜ ನೋಡಿದ್ದಾನಾ ಅಮ್ಮ?”

ಮುದುಕಿ ತಲೆ ತಗ್ಗಿಸಿದರು.

“ಅಷ್ಟೇ. ಹೆದರಿದ ಮಗು ತಪ್ಪಿಸಿಕೊಳ್ಳಲಿಕ್ಕೆ ಹೆದರಿಸುವವನೇ ಆಗಿಬಿಡ್ತದೆ. ಅದು ಮನಸ್ಸಿನ ತಳದಲ್ಲಿ ಕೂತಿರ್ತದೆ, ಅವನಿಗೇ ಗೊತ್ತಿರುವುದಿಲ್ಲ. ಮಾಟವೂ ಇಲ್ಲ, ಶಾಪವೂ ಇಲ್ಲ. ಈ ಸೌಟು ನಮ್ಮ ಮನೆಯಲ್ಲಿರಲಿ. ನನಗೇನಾಗ್ತದೆ ನೋಡುವ.”

ಪರರ ಮನಸ್ಸಿನ ಕದ ತೆರೆಯುವುದರಲ್ಲಿ ಅವನು ಜಾಣನೇ. ಸ್ವಂತದ ಕೀಲಿ ಎಲ್ಲಿಟ್ಟಿದ್ದಾನೆಂದು ಮಾತ್ರ ಯಾರೂ ಕೇಳಿರಲಿಲ್ಲ.

ಸೌಟನ್ನು ಮನೆಗೆ ತಂದು, ಹೆಂಡತಿ ರಾಜೀವಿಗೆ ಕತೆ ಹೇಳಿ ನಗಿಸಿ, ಮತ್ತೆ ಔಷಧಾಲಯಕ್ಕೆ ಹೋದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ‘ಇವರು ಕೈಯೆತ್ತುವವರಲ್ಲ’ ಎಂದು ರಾಜೀವಿ ತವರೂರು ಕಕ್ಕಿಂಜೆಯಲ್ಲಿ ತಾಯಿಯ ಹತ್ತಿರ ಹೆಮ್ಮೆಯಿಂದ ಹೇಳಿದ್ದಳು. ಪಡೆದ ಪದವಿಗಿಂತ ಆ ಮಾತು ಅವನಿಗೆ ಹೆಚ್ಚಾಗಿತ್ತು.

ಸಂಜೆ ಹಿಂತಿರುಗಿದಾಗ ಒಳಗೆ ದೀಪವಿರಲಿಲ್ಲ. ಹಸಿ ಸೌದೆ ಹೊತ್ತದೆ ಅಡುಗೆಮನೆಯೆಲ್ಲ ಹೊಗೆ. ತಳ ಹಿಡಿದ ಗಂಜಿಯ ವಾಸನೆ. ಹೊಗೆಯೊಳಗೆ ರಾಜೀವಿಯ ಬಳೆಗಳು ಸದ್ದು ಮಾಡಿ ಸುಮ್ಮನಾದವು.

ಆ ವಾಸನೆ, ಆ ಮೌನ ಅವನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ನರಿಕೊಂಬಿನ ಮನೆಯಲ್ಲಿ ಭತ್ತ ತುಂಬಿಡುವ ಪತ್ತಾಯದ ಹಿಂದೆ, ಬಾಯಿಗೆ ಕೈಯೊತ್ತಿ ಅಡಗಿದ್ದಾಗ, ಅಪ್ಪನ ಹೊಡೆತಕ್ಕೆ ಅಮ್ಮನ ಬಳೆಗಳ ಸದ್ದು ಹೀಗೆಯೇ ನಿಂತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ಮರೆತಿದ್ದೇನೆ ಎಂದುಕೊಂಡಿದ್ದ.

“ಹೊತ್ತು ಮುಳುಗಿತು. ಊಟ ಎಲ್ಲಿ?”

ಕೇಳಿದ್ದು ಯಾರು? ಅವನು ಉಣ್ಣುತ್ತಿದ್ದುದೇ ಒಂಬತ್ತಕ್ಕೆ. ಮಾತು ಆ ಜೈನರ ಮನೆಯದು. ದನಿ ಅಪ್ಪನದು. ಬಾಯಿ ತನ್ನದು. ಕೈ ಕತ್ತಲಿಗೆ ಚಾಚಿತು. ಸೌಟಿನ ಹಿಡಿ ಸಿಕ್ಕಿತು. ಬಿಡಬೇಕು. ಬೆರಳು ಕೇಳಲಿಲ್ಲ. ಕೈ ಎದ್ದಿತು. ಇಳಿಯಿತು. ಮತ್ತೆ ಎದ್ದಿತು. ಬಳೆ ಒಡೆದವು.

ರಾಜೀವಿ ತಡವರಿಸಿ ಚಿಮಿಣಿ ದೀಪ ಹಚ್ಚಿದಳು. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು.

“ನಾನಲ್ಲ ರಾಜೀವಿ. ಆ ಸೌಟಿನ ಮಾಟ. ಅವರು ಹೇಳಿದ್ದು ನಿಜ.” ಬೆಳಿಗ್ಗೆ ನಕ್ಕವನು ಈಗ ಶಾಪವೊಂದು ಇರಲಿ ಎಂದು ಒಳಗೊಳಗೇ ಬೇಡುತ್ತಿದ್ದ.

ಅವಳು ದೀಪವನ್ನು ಅವನ ಕೈಯ ಹತ್ತಿರ ತಂದಳು.

“ಅದನ್ನು ಅನಂತಮತಿಯಮ್ಮ ಮಧ್ಯಾಹ್ನವೇ ಬಂದು ತಕೊಂಡು ಹೋಗಿದ್ದಾರೆ. ಇದು ನಮ್ಮದು.”

ಕೈಯಲ್ಲಿದ್ದುದು ಕಬ್ಬಿಣದ ಸೌಟು. ಮಗಳ ಹೊಸ ಸಂಸಾರಕ್ಕೆಂದು ಕಕ್ಕಿಂಜೆಯ ತಾಯಿ ಕೊಟ್ಟಿದ್ದು.

ರಾಜೀವಿ ಸೆರಗಿನಿಂದ ಹುಬ್ಬನ್ನು ಒತ್ತಿಕೊಂಡು, ದೀಪ ಹಿಡಿದು ಬಾಗಿಲು ದಾಟಿದಳು. ತಿರುಗಿ ನೋಡಲಿಲ್ಲ.

ಕತ್ತಲಲ್ಲಿ ಅವನು ಬೆರಳು ಬಿಡಿಸಲು ನೋಡಿದ. ಆಗಲಿಲ್ಲ. ಆಗ ಮೂಲೆಯಲ್ಲಿ ಯಾರೋ ಉಸಿರೆಳೆದರು. ಸಣ್ಣ ಉಸಿರು, ಪತ್ತಾಯದ ಹಿಂದೆ ಬಾಯಿಗೆ ಕೈಯೊತ್ತಿಕೊಂಡಿದ್ದ ಆ ಮಗುವಿನದು. ಅದು ಈಗ ಅವನಿಗೆ ಹೆದರುತ್ತಿತ್ತು.