ಕಹಿ ಅಂಗಾರ

"ಸರ, ಅದನ್ನ ಬಾಯಾಗ ಹಾಕ್ಕೋಬ್ಯಾಡ್ರಿ. ನಿಮಗ ಕೈ ಮುಗೀತೀನಿ."

ಶಾಲೆಯಲ್ಲಿ ಬಿಸಿಯೂಟ ಮಾಡುವ ಕಸ್ತೂರೆವ್ವ ಮೈಲಾರಿಯ ಅಂಗಿಯ ತೋಳು ಹಿಡಿದು ಜಗ್ಗಿದಳು. ಮೈಲಾರಿ ನಕ್ಕ. ಸಂಶಿಯ ಆಚೆಗಿನ ಆ ಹಳ್ಳಿಯ ಹೈಸ್ಕೂಲಿಗೆ ಅವನು ವಿಜ್ಞಾನದ ಮಾಸ್ತರನಾಗಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಜ್ವರ ಬಂದ ಹುಡುಗರೆಲ್ಲ ಈರಬಸಪ್ಪನ ಮನೆಗೆ ಓಡುತ್ತಾರೆಂದು ತಿಳಿದು, ಅಂಗಾರವೆಂದು ಅವನು ಕೊಡುವ ಮಂತ್ರಿಸಿದ ಬೂದಿಯ ಮಹಿಮೆ ನೋಡಿಯೇ ಬಿಡೋಣವೆಂದು ಆ ಬೆಳಿಗ್ಗೆ ಬಂದಿದ್ದ.

ಪಡಸಾಲೆಯಲ್ಲಿ ಹಗಲಲ್ಲೂ ಕತ್ತಲೆ. ಲೋಬಾನದ ಹೊಗೆ, ಸುಟ್ಟ ಬೇವು, ಕೊಳೆತ ನಿಂಬೆಹಣ್ಣಿನ ವಾಸನೆ. ಗೋಡೆಗೆ ಒರಗಿ ಕೂತ ಜನ ಉಸಿರೂ ಸಪ್ಪಳಾಗದಂತೆ ಬಿಡುತ್ತಿದ್ದರು. ನಡುವೆ ತೆಳ್ಳನೆಯ ಮುದುಕ ಈರಬಸಪ್ಪ, ಎದುರಿಗೆ ಹಿತ್ತಾಳೆಯ ತಾಟಿನಲ್ಲಿ ಅಂಗಾರ.

"ನಮ್ಮೂರ ಲಕ್ಷ್ಮಣಪ್ಪನೂ ಅಂಗಾರ ತಿಂದು ಹಿಂಗ ನಕ್ಕಿದ್ದ," ಕಸ್ತೂರೆವ್ವ ಪಿಸುಗುಟ್ಟಿದಳು. "ಹಾವು ಪೊರಿ ಬಿಟ್ಟಂಗ ಮೈತೊಗಲು ಬಿಟ್ಟು ಸತ್ತ."

ಮೈಲಾರಿ ಎಲ್ಲರೂ ನೋಡುವಂತೆ ಒಂದು ಚಿಟಿಕೆ ಎತ್ತಿ ನಾಲಿಗೆಯ ಮೇಲಿಟ್ಟುಕೊಂಡ. "ಏನಾತ್ರಿ? ಬರೇ ಬೂದಿ."

ಈರಬಸಪ್ಪ ಸಿಟ್ಟಾಗಲಿಲ್ಲ. ಒಂದು ಪುಡಿಕೆ ಕಟ್ಟಿ ಮುಂದಿಟ್ಟ. "ಅಮಾಸಿ ಬರೂತನಕ ದಿನಾ ಎರಡು ಹೊತ್ತು ತಿನ್ರಿ ಮಾಸ್ತರ. ಆಮ್ಯಾಲ ನಗ್ರಿ."

ಅಮಾವಾಸ್ಯೆಗೆ ಇನ್ನೂ ಎರಡು ವಾರವಿತ್ತು. ಮೈಲಾರಿ ಪಂಥ ಬಿಡಲಿಲ್ಲ. ದಿನವೂ ತರಗತಿಯಲ್ಲಿ, ಮಕ್ಕಳೆದುರಿಗೇ ತಿಂದ. ಬೂದಿಯಾದರೂ ಇಷ್ಟು ಕಹಿ ಯಾಕೆ ಎಂದು ಒಮ್ಮೆ ಅನ್ನಿಸಿತು. ಬೇವಿರಬೇಕು ಎಂದುಕೊಂಡು ನೀರು ಕುಡಿದ.

ಹನ್ನೊಂದನೆಯ ದಿನ ಕಣ್ಣು ಉರಿಯಿತು. ಗಂಟಲು ಕಟ್ಟಿತು. ಸಂಜೆಗೆ ಮೈ ಕೆಂಡವಾಯಿತು.

ಮರುದಿನ ಎದೆಯ ಮೇಲೆ ಕಂದು ಕಲೆಗಳು ಎದ್ದವು. ಹೆಂಡತಿ ಮಾದೇವಿ ಸೊಳ್ಳೆಯಿರಬೇಕೆಂದಳು. ಮೈಲಾರಿಗೆ ಸೊಳ್ಳೆಯ ಮಾತು ಒಪ್ಪಿಗೆಯಾಗಲಿಲ್ಲ. ಮುದುಕ ವಿಷ ಹಾಕಿದನೇ? ನಿನ್ನೆ ಕಸ್ತೂರೆವ್ವ ಕೊಟ್ಟ ಮಜ್ಜಿಗೆಯಲ್ಲಿ ಏನಿತ್ತು? ಬಾಗಿಲ ಮುಂದೆ ನಿಂತು ಇಣುಕುವ ಈ ಜನಕ್ಕೆ ತನಗಿಂತ ಮೊದಲೇ ಏನೋ ಗೊತ್ತಿದೆಯಲ್ಲ! ಯಾರ ಮುಖ ನೋಡಿದರೂ ಸಂಶಯ.

ಅಮಾವಾಸ್ಯೆಯ ಬೆಳಿಗ್ಗೆ ತುಟಿ ಒಡೆದು ರಕ್ತ ಜಿನುಗಿತು. ಬಾಯೆಲ್ಲ ಹುಣ್ಣು. ಮಾದೇವಿ ಎಬ್ಬಿಸಲು ತೋಳು ಹಿಡಿದಳು. ತೊಗಲು ಜಾರಿತು. ಒದ್ದೆ ಕಾಗದದಂತೆ ಅವಳ ಬೆರಳಿಗೆ ಅಂಟಿಕೊಂಡಿತು. ಅವಳು ಚೀರಿದಳು. ಅವನಿಗೆ ಚೀರಲಿಕ್ಕೂ ಬಾಯಿ ತೆರೆಯಲಿಲ್ಲ. ಮಾಟ. ಇದು ಮಾಟವೇ. ವಿಜ್ಞಾನದ ಮಾಸ್ತರನ ತಲೆಯೊಳಗೆ ಉಳಿದದ್ದು ಅದೊಂದೇ ಮಾತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಳು. "ಯಾವ ಗುಳಿಗಿ ತಗೊಂಡಿದ್ರು?"

"ಯಾವುದೂ ಇಲ್ಲರಿ. ಬರೇ ಅಂಗಾರ," ಎಂದು ಮಾದೇವಿ ಪುಡಿಕೆ ಬಿಚ್ಚಿದಳು.

ಡಾಕ್ಟರಮ್ಮ ಬೂದಿಯನ್ನು ಬಿಳಿ ಕಾಗದದ ಮೇಲೆ ಹರವಿದಳು. ಬೂದಿಯ ನಡುವೆ ಸಣ್ಣ ಸಣ್ಣ ಬಿಳಿ ಚೂರುಗಳು. ಒಂದು ಚೂರಿನ ಮೇಲೆ, ಮುರಿಯಲೆಂದು ಗುಳಿಗೆಯ ನಡುವೆ ಹಾಕುವ ಗೆರೆ ಇನ್ನೂ ಇತ್ತು.

ಮೂರನೆಯ ದಿನ ಮಧ್ಯಾಹ್ನ ಈರಬಸಪ್ಪ ತಾನಾಗಿಯೇ ವಾರ್ಡಿನ ಬಾಗಿಲಿಗೆ ಬಂದ. ಪೊಲೀಸರ ಭಯವೋ ದೇವರ ಭಯವೋ. ಮೈಲಾರಿಯ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಮುದುಕನ ದನಿ ಮಾತ್ರ ಕೇಳಿತು.

"ಬರೇ ಬೂದಿಗೆ ಜ್ವರ ಇಳೀಲಿಲ್ಲಂದ್ರ ಜನ ಬರತಾರೇನ್ರಿ? ಔಷಧ ಅಂಗಡ್ಯಾಗ ಸಿಗೂ ಸಲ್ಫಾ ಗುಳಿಗಿ ಕುಟ್ಟಿ ಕೂಡಸ್ತಿದ್ದೆ. ಎಷ್ಟ ಮಂದಿಗೆ ಆರಾಮ ಆಗೇತಿ. ವಿಷ ಅಲ್ಲರಿ ಅದು."

"ವಿಷ ಅಲ್ಲ. ಆದ್ರ ಕೆಲವ್ರ ಮೈಗೆ ಅದು ಆಗಿಬರೂದಿಲ್ಲ," ಎಂದಳು ಡಾಕ್ಟರಮ್ಮ. "ಮೊದಲು ಜ್ವರ, ಕಣ್ಣುರಿ, ಬಾಯಾಗ ಹುಣ್ಣು. ಆಮ್ಯಾಲ ತೊಗಲು ಸುಲೀತದ. ಗುಳಿಗಿ ಕೂಡ್ಲೇ ನಿಲ್ಲಿಸಿ ಆಸ್ಪತ್ರಿಗೆ ಬರಬೇಕು. ತಡ ಆದ್ರ ಜೀವ ಹೋಗತದ."



"ನನ್ನ ಮಗಳು ಮಹಾನಂದಾ," ಮುದುಕನ ದನಿ ಈಗ ಬೇರೆಯಾಗಿತ್ತು, "ಐದು ವರ್ಷದ ಹಿಂದ ಹಿಂಗ ಹೋದ್ಳು. ಜ್ವರಕ್ಕ ನಾನ ಅಂಗಾರ ಕೊಟ್ಟಿದ್ದೆ. ತಮ್ಮನ ಹೇಂತಿ ಮಲ್ಲವ್ವ ಮಾಟ ಮಾಡಿಸ್ಯಾಳ ಅಂತ ಹೇಳಿ ಅಕಿನ್ನ ಊರು ಬಿಡಿಸಿದ್ವಿ."

"ಮಾಟ ಅಲ್ಲರಿ ಅಜ್ಜಾರ," ಮೈಲಾರಿ ಕಷ್ಟಪಟ್ಟು ತುಟಿ ಅಲುಗಿಸಿದ. "ಗುಳಿಗಿ."

"ಹಂಗಂದ್ರ ನಾನ ಕೊಂದಂಗಾತಲ್ಲ."

 ಮುದುಕನ ಊರುಗೋಲು ನೆಲಕ್ಕೆ ಜೋರಾಗಿ ಬಡಿಯಿತು. "ಸುಳ್ಳು! ಮಲ್ಲವ್ವಂದ ಮಾಟ ಅದು. ಅಕಿಂದನ!" ಹೆಜ್ಜೆಗಳು ದೂರವಾದವು.

ಮೈಲಾರಿಯ ಜೀವ ಉಳಿಯಿತು. ಎಡಗಣ್ಣಿನ ದೃಷ್ಟಿ ಉಳಿಯಲಿಲ್ಲ. ಎರಡು ತಿಂಗಳ ಮೇಲೆ ಊರಿಗೆ ಬಂದವನು, ಮನೆಗೂ ಹೋಗದೆ ನೇರವಾಗಿ ಈರಬಸಪ್ಪನ ಪಡಸಾಲೆಗೆ ನಡೆದ. ಮಾದೇವಿ ಕೈ ಹಿಡಿದಿದ್ದಳು.

ಅದೇ ಹೊಗೆ. ಅದೇ ತಾಟು. ಜನ ಮಾತ್ರ ಮೊದಲಿಗಿಂತ ಹೆಚ್ಚು, ಅಂಗಳದವರೆಗೂ ನಿಂತಿದ್ದರು.

"ಅದರಾಗ ಗುಳಿಗಿ ಪುಡಿ ಐತಿ! ತಿನ್ನಬ್ಯಾಡ್ರಿ!" ಮೈಲಾರಿ ಕಪ್ಪು ಕನ್ನಡಕ ತೆಗೆದ. "ನನ್ನ ಮಾರಿ ನೋಡ್ರಿ!"

ನೋಡಿದರು. ಕಪ್ಪು ಬಿಳುಪು ಕಲೆಗಳ ಕೆನ್ನೆ. ಬೆಳ್ಳಗಾದ ಕಣ್ಣು. ಉಗುರುದುರಿದ ಬೆರಳು. ಒಬ್ಬೊಬ್ಬರಾಗಿ ಹಿಂದೆ ಸರಿದರು. ಒಬ್ಬ ಮುದುಕಿ ಕೈ ಜೋಡಿಸಿದಳು, ಅವನಿಗಲ್ಲ, ಈರಬಸಪ್ಪನಿಗೆ.

"ಸರ," ಕಸ್ತೂರೆವ್ವ ಅಳುತ್ತ ಅವನ ಕಿವಿಯ ಹತ್ತಿರ ಬಂದಳು, "ಇನ್ನೊಂದು ಕಣ್ಣರ ಉಳಸ್ಕೋರಿ. ಅಂಗಾರಕ್ಕ ನಕ್ಕದ್ದು ತಪ್ಪಾತು ಅಂತ ಅಜ್ಜಾರ ಕಾಲು ಹಿಡೀರಿ."

ಈರಬಸಪ್ಪ ಮುಖ ಎತ್ತಲಿಲ್ಲ. ತಾಟಿನಿಂದ ಒಂದು ಚಿಟಿಕೆ ಅಂಗಾರ ಎತ್ತಿದ. "ಮುಂದ ಬರ್ರಿ," ಎಂದ.

ಜ್ವರದ ಕೂಸನ್ನು ಎತ್ತಿಕೊಂಡಿದ್ದ ತಾಯಿಯೊಬ್ಬಳು ಮೈಲಾರಿಯ ಮುಖವನ್ನೇ ದಿಟ್ಟಿಸಿದಳು. ಸೆರಗಿನಿಂದ ಕೂಸಿನ ಕಣ್ಣು ಮುಚ್ಚಿದಳು. ಅವಸರ ಅವಸರವಾಗಿ ತಾಟಿನ ಮುಂದೆ ಕೂತು, ಕೂಸಿನ ಗಲ್ಲ ಒತ್ತಿ ಬಾಯಿ ತೆರೆಸಿದಳು.