ಗಾಳಿ ಹಿಡಿದ ಬಟ್ಟಲು

“ಈ ಪಂಪು ಮಾಡಿದೋರು ಯಾರು?”

ತುಮಕೂರಿನ ಮರಳೂರು ಕಡೆಯ ಆ ಪುಟ್ಟ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಯುವತಿಯ ಹಣೆಗೆ ಬಿಳಿ ಪಟ್ಟಿ ಕಟ್ಟಿತ್ತು. ಕೈಯಲ್ಲಿ ಭಾರದ ಗೋಣಿಚೀಲ.

ಬೆಸುಗೆ ಹಾಕುತ್ತಿದ್ದ ಸಿದ್ದಗಂಗಯ್ಯ ಎದ್ದು ನಿಂತ. “ನಾನೇ. ಏನಾಗ್ಬೇಕಿತ್ತು?”

“ಏನಾಗ್ಬೇಕಿತ್ತೋ ನಂಗೊತ್ತಿಲ್ಲ. ಆಗಿರೋದು ಇದು.” ಅವಳು ಹಣೆ ತೋರಿಸಿದಳು. ಪಂಪಿದ್ದ ಚೀಲವನ್ನು ಅವನ ಮೇಜಿನ ಮೇಲೆ ದೊಪ್ಪನೆ ಇಟ್ಟಳು.

ಅವಳು ಗುಬ್ಬಿಯ ಸರ್ವಮಂಗಳ. ಮರ ಕಡೆಯುವ ಮಹಾಲಿಂಗಯ್ಯನವರ ಒಬ್ಬಳೇ ಮಗಳು. ಅಪ್ಪನ ಬೆರಳುಗಳು ವಾತ ಹಿಡಿದು ಮಡಚಿಕೊಂಡ ಮೇಲೆ ಮರ ತಿರುಗಿಸುವ ಲೇತಿನ ಮುಂದೆ ಅವಳೇ ನಿಂತಿದ್ದಳು. ಆ ಬೇಸಿಗೆಯಲ್ಲಿ, ಅಂದರೆ ಎಂಬತ್ತಾರರಲ್ಲಿ, ಬೆಂಗಳೂರಿನ ಅಂಗಡಿಯೊಂದು ಹಲಸಿನ ಮರದ ಬಟ್ಟಲುಗಳನ್ನು ಕೇಳಿತ್ತು. ಆದರೆ ಒಂದು ಷರತ್ತು: ತಳದಲ್ಲಿ ಸ್ಕ್ರೂ ಹೊಡೆದ ತೂತು ಕಾಣಬಾರದು.

ಸ್ಕ್ರೂ ಇಲ್ಲದೆ ಬಟ್ಟಲನ್ನು ಲೇತಿಗೆ ಹಿಡಿಸುವುದು ಹೇಗೆ? ಗಾಳಿಯಿಂದ. ಲೇತಿನ ತುದಿಗೆ ರಬ್ಬರ್ ಅಂಚಿನ, ಲೋಟದಂಥ ಒಂದು ಕಪ್ಪು. ಪಂಪು ಹಿಂದಿನಿಂದ ಗಾಳಿ ಹೀರುತ್ತದೆ, ಬಟ್ಟಲು ಕಪ್ಪಿಗೆ ಅಂಟಿಕೊಂಡು ತಿರುಗುತ್ತದೆ. ಅದಕ್ಕೆ ವ್ಯಾಕ್ಯೂಮ್ ಚಕ್ ಅನ್ನುತ್ತಾರೆ. ಹೊಸದನ್ನು ಕೊಳ್ಳಲು ಲೇತನ್ನೇ ಮಾರಬೇಕಿತ್ತು. ಹಾಗಾಗಿ ಹಾರ್ಡ್‌ವೇರ್ ಅಂಗಡಿಯ ರಾಮಾಂಜಿನಯ್ಯನಿಗೆ ಹೇಳಿ, ಹಳೇ ಫ್ರಿಜ್ಜಿನ ಕಂಪ್ರೆಸರ್‌ನಿಂದ ಮಾಡಿದ ಅಗ್ಗದ ಪಂಪು ತರಿಸಿದ್ದಳು.

ಅದೇ ಪಂಪು ನಿನ್ನೆ ಬಟ್ಟಲನ್ನು ಕೈಬಿಟ್ಟಿತ್ತು. ಬಟ್ಟಲು ಹಾರಿ ಹಣೆಗೆ ಬಡಿದಿತ್ತು.

ಸಿದ್ದಗಂಗಯ್ಯ ಪಟ್ಟಿಯನ್ನೇ ನೋಡಿದ. “ಆವಾಗ ಕರೆಂಟ್ ಹೋಗಿತ್ತಾ?”

“ಕರೆಂಟ್ ಹೋಗದಿರೋ ಊರು ಯಾವುದ್ರೀ ಈ ಜಿಲ್ಲೇಲಿ?”

“ಪಂಪು ನಿಂತ್ರೂ ಲೇತು ಒಂದಷ್ಟು ಹೊತ್ತು ತಿರುಗ್ತಾನೇ ಇರುತ್ತೆ. ಅಷ್ಟರಲ್ಲಿ ಗಾಳಿ ವಾಪಸ್ ನುಗ್ಗುತ್ತೆ. ಅದಕ್ಕೆ ಹೀರಿದ ಬಲ ಹಿಡಿದಿಡೋಕೆ ಒಂದು ಟ್ಯಾಂಕು, ಗಾಳಿ ವಾಪಸ್ ಬರ್ದಿರೋ ಹಂಗೆ ವಾಲ್ವು ಹಾಕ್ಬೇಕಿತ್ತು. ರಾಮಾಂಜಿನಯ್ಯ ರೇಟು ಕಮ್ಮಿ ಮಾಡು ಅಂದ್ರು, ಬಿಟ್ಟೆ.” ಅವನು ತಲೆ ತಗ್ಗಿಸಿದ. “ತಪ್ಪು ನಂದೇ.”

ಅವಳು ಜಗಳಕ್ಕೆಂದೇ ಬಸ್ಸು ಹತ್ತಿ ಬಂದವಳು. ಎದುರಿನವನು ಒಂದೇ ಮಾತಿಗೆ ಒಪ್ಪಿಕೊಂಡರೆ ಆ ಸಿಟ್ಟನ್ನು ಎಲ್ಲಿ ಇಳಿಸುವುದು...

“ಬಂದು ಸರಿ ಮಾಡ್ಕೊಡಿ,” ಎಂದವಳೇ ಹೊರಟುಬಿಟ್ಟಳು.

ಭಾನುವಾರ ಅವನು ಆ ಪಂಪು ಹೊತ್ತುಕೊಂಡು ಗುಬ್ಬಿಗೆ ಬಂದ. ಲೇತಿನ ಹಿಂಭಾಗಕ್ಕೆ ಕಿವಿಯಿಟ್ಟು ಕೇಳಿದ, ಪೈಪು ಬಿಚ್ಚಿ ನೋಡಿದ. ಅವಳು ಒಂದು ಬಟ್ಟಲಿನ ಹೊರಮೈಗೆ ಸೋಪಿನ ನೀರು ಬಳಿದು, ಒಳಗಿನಿಂದ ಪೈಪಿನಲ್ಲಿ ಜೋರಾಗಿ ಗಾಳಿ ಊದಿದಳು. ಮರದ ಮೈಯೆಲ್ಲ ಸಣ್ಣ ಗುಳ್ಳೆ ಎದ್ದವು.

“ನೋಡಿ, ಮರವೇ ಉಸಿರಾಡುತ್ತೆ. ನಿಮ್ಮ ಪಂಪು ನಿಧಾನಕ್ಕೆ ಹೀರೋದು. ಇದು ಅದಕ್ಕಿಂತ ಬೇಗ ಸೋರುತ್ತೆ.”

“ಅರೆ... ಇದು ನನ್ನ ತಲೆಗೇ ಹೊಳೆದಿರ್ಲಿಲ್ಲ.” ಅವನು ಬಗ್ಗಿ ನೋಡಿದ. ನೋಡುತ್ತ ನೋಡುತ್ತ ಅವನ ಕಣ್ಣು ಗುಳ್ಳೆಗಳಿಂದ ಅವಳ ಮುಖಕ್ಕೆ ಬಂತು. ಅವಳ ಕೂದಲಲ್ಲಿ ಮರದ ಹೊಟ್ಟು ಸಿಕ್ಕಿಕೊಂಡಿತ್ತು.

‘ಯಾಕೆ ಹಿಂಗೆ ನೋಡ್ತಾನೆ?’ ಸರ್ವಮಂಗಳಳ ಕೈ ತಾನಾಗಿ ಕೂದಲಿಗೆ ಹೋಯಿತು. ತನ್ನ ಮೇಲೆಯೇ ಸಿಟ್ಟು ಬಂತು. ಹಣೆ ಒಡೆದವನ ಎದುರು ನಾಚಿಕೆ ಬೇರೆ ಕೇಡು!

ಹೋಗುವಾಗ ಅವನು ಅಂಗಳದಲ್ಲಿ ಮಹಾಲಿಂಗಯ್ಯನವರ ಜೊತೆ ತಗ್ಗಿದ ದನಿಯಲ್ಲಿ ಏನೋ ಮಾತಾಡಿದ.

ಮರುದಿನ ಬೆಳಿಗ್ಗೆ ಲೇತಿನ ಕೋಣೆಗೆ ಬೀಗ ಬಿದ್ದಿತ್ತು.

“ಅಪ್ಪಾ, ಬೀಗದ ಕೈ ಎಲ್ಲಿ?”

“ನೀನಿನ್ನು ಲೇತು ಮುಟ್ಬೇಡ ಕಣವ್ವ. ಆ ಸಿದ್ದಗಂಗಯ್ಯನೂ ಅದೇ ಹೇಳ್ದ. ಹಣೆ ಹೋಯ್ತು, ನಾಳೆ ಕಣ್ಣು ಹೋದ್ರೆ? ಹೆಣ್ಮಗಳು, ನಿನ್ನ ಯಾರು ಮಾಡ್ಕೋತಾರೆ?”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ‘ನನ್ನೆದುರು ತಲೆ ತಗ್ಗಿಸ್ದ. ಮರವನ್ನ ಮೆಚ್ಚಿಕೊಂಡ. ಬೆನ್ನ ಹಿಂದೆ ನನ್ನ ಕೈಯನ್ನೇ ಕಟ್ಟಿಹಾಕಿ ಹೋದ...’

ಚಹಾ ಕೂಡ ಕುಡಿಯದೆ, ಒಂದು ಬಟ್ಟಲನ್ನು ಚೀಲಕ್ಕೆ ಹಾಕಿಕೊಂಡು ತುಮಕೂರಿನ ಬಸ್ಸು ಹತ್ತಿದಳು. ಅವನ ಅಂಗಡಿ ಮುಚ್ಚಿತ್ತು. ಪಕ್ಕದ ಸೈಕಲ್ ಶಾಪಿನವರು, “ಕುಣಿಗಲ್‌ಗೆ ಹೋಗವ್ನೆ ಕಣಮ್ಮ, ವೆಂಕಟೇಶಯ್ಯನೋರ ಪ್ರಿಂಟಿಂಗ್ ಪ್ರೆಸ್ಸಿಗೆ,” ಎಂದರು.

ಬೇರೆ ಯಾರಾದರೂ ಆಗಿದ್ದರೆ ಮನೆಗೆ ಮರಳುತ್ತಿದ್ದರು. ಇವಳು ಕುಣಿಗಲ್ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳವನ್ನು ಮನಸ್ಸಿನಲ್ಲೇ ಜೋಡಿಸಿದಳು, ಕೆಡವಿದಳು, ಇನ್ನೂ ಗಟ್ಟಿಯಾಗಿ ಜೋಡಿಸಿದಳು.

ಪ್ರೆಸ್ಸಿನ ಹಿತ್ತಿಲಲ್ಲಿ ಸಿದ್ದಗಂಗಯ್ಯ ಒಂದು ಹಳೇ ಪಂಪಿನ ಮುಂದೆ ಮೊಣಕಾಲೂರಿ ಕೂತಿದ್ದ. ಮೊಣಕೈವರೆಗೂ ಗ್ರೀಸು.

“ನನ್ನ ಲೇತಿಗೆ ಬೀಗ ಹಾಕ್ಸೋಕೆ ನೀವ್ಯಾರ್ರೀ?”

ಅವನು ಗಾಬರಿಯಿಂದ ಎದ್ದ. “ಬೀಗನಾ? ನಾನೆಲ್ಲಿ ಬೀಗ ಹಾಕ್ಸಿದೆ?”

“ಅಪ್ಪಂಗೆ ಏನು ಊದಿ ಬಂದ್ರಿ ಮತ್ತೆ?”

“ಆ ಪಂಪಿನ ಜೊತೆ ಲೇತು ಓಡ್ಸೋದು ಬೇಡ, ನಾನು ಬೇರೆ ತರೋವರ್ಗೂ ತಡೀರಿ ಅಂದೆ. ಅಷ್ಟೇ, ನನ್ನಾಣೆ. ನಿಮ್ಮ ಕೆಲಸ ನಿಲ್ಸಿ ಅಂತ ನಾನ್ಯಾಕೆ ಅನ್ಲಿ?”

ಅಪ್ಪನ ಭಯ ಆ ಮಾತನ್ನು ಎಲ್ಲಿಂದೆಲ್ಲಿಗೆ ಹಿಗ್ಗಿಸಿದೆ ಎಂದು ಅವಳಿಗೆ ಅರ್ಥವಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಈಗ ಅದಕ್ಕೆ ಸರಿಯಾದ ಕಾರಣ ಸಿಕ್ಕಿತ್ತು.

“ಲೇತಿನ ಮುಂದೆ ನಿಲ್ಲೋದು ಯಾರು?”

“ನೀವು.”

“ಏಟು ತಿಂದಿದ್ದು?”

“ನೀವೇ.”

“ಮತ್ತೆ ಹೇಳೋದು ಅಪ್ಪಂಗಾ? ನಾನು ಅಲ್ಲೇ ನಿಂತಿದ್ದೆ. ನಂಗೆ ಕಿವಿ ಇರ್ಲಿಲ್ವಾ?”

ಅವನು ಗ್ರೀಸಿನ ಕೈಯನ್ನು ಬಟ್ಟೆಗೆ ಒರೆಸಿದ, ಮತ್ತೆ ಒರೆಸಿದ. “ನಿಮ್ಮ ಮುಖ ನೋಡಿ ಹೇಳೋಕಾಗ್ಲಿಲ್ಲ... ಆ ಪಟ್ಟಿ ಕಂಡಾಗೆಲ್ಲ ನಾನು ವಾಲ್ವು ಬಿಟ್ಟಿದ್ದೇ ನೆನಪಾಗ್ತಿತ್ತು. ರಾತ್ರಿ ನಿದ್ದೆ ಬರ್ತಿಲ್ಲ ನಂಗೆ.”

“ನಿಮ್ಮ ನಿದ್ದೆಗೋಸ್ಕರ ನನ್ನ ಅನ್ನಕ್ಕೆ ಬೀಗಾನಾ?” ಎಂದಳು. ಆದರೆ ದನಿ ಮೊದಲಿನಷ್ಟು ಏರಲಿಲ್ಲ. ಕಣ್ಣು ತುಂಬಿಬಂತು. ಅದನ್ನು ಅವನಿಂದ ಮರೆಮಾಚಲು ಪಂಪಿನ ಕಡೆ ತಿರುಗಿದಳು. “ಇದೇನಿದು?”

“ಪ್ರಿಂಟ್ ಮಾಡೋ ಆಫ್‌ಸೆಟ್ ಮೆಶೀನಿಂದು. ಪೇಪರ್ ಎತ್ತೋಕೆ ಗಾಳಿ ಹೀರುತ್ತೆ. ಮೆಶೀನು ಕೆಟ್ಟು ಮೂಲೆ ಸೇರಿದೆ, ಪಂಪು ಗಟ್ಟಿಯಾಗಿದೆ. ಕಬ್ಬಿಣದ ತೂಕಕ್ಕೆ ಕೊಡ್ತಾರಂತೆ. ಬೆಂಗಳೂರಿನ ಹೊಸಾದು ಇದಕ್ಕಿಂತ ಚೆಂದ ಇರುತ್ತೆ, ಸದ್ದು ಕಮ್ಮಿ. ಆದ್ರೆ ನಿಮ್ಮ ಮರಕ್ಕೆ ಬೇಕಾಗಿರೋದು ಬೇಗ ಬೇಗ ಹೀರೋದು.” ಅವನು ನಿಲ್ಲಿಸಿದ. “ನೀವೇ ನೋಡಿ ಹೇಳಿ. ನಾನೇನೂ ಹೇಳಲ್ಲ.”

ಅವಳು ಚೀಲದಿಂದ ಬಟ್ಟಲು ತೆಗೆದಳು. ಪೈಪಿನ ತುದಿಗೆ ಅವನು ಸಿಕ್ಕಿಸಿದ್ದ ರಬ್ಬರ್ ಕಪ್ಪಿಗೆ ಒತ್ತಿಹಿಡಿದು, ಸ್ವಿಚ್ ಹಾಕಲು ಹೇಳಿದಳು. ಪಂಪು ಗುರುಗುಟ್ಟಿತು. ಬಟ್ಟಲು ಎಷ್ಟು ಎಳೆದರೂ ಬರಲಿಲ್ಲ. ಹೀರುವ ಬಲ ತೋರಿಸುವ ಮೀಟರಿನ ಮುಳ್ಳು ಸ್ವಲ್ಪ ತೊನೆದು ನಿಂತುಬಿಟ್ಟಿತು.

“ಸದ್ದು ಜಾಸ್ತಿ,” ಎಂದಳು.

“ಹೌದು.”

“ನಂಗೂ ಸದ್ದು ಜಾಸ್ತೀನೇ. ಇದೇ ಇರ್ಲಿ. ಟ್ಯಾಂಕು, ವಾಲ್ವು, ಮೀಟರು ಮೂರೂ ಬೇಕು. ಒಂದು ಬಿಟ್ರೂ ಮತ್ತೆ ಬರ್ತೀನಿ.”

ಆ ವಾರವೇ ಸಿದ್ದಗಂಗಯ್ಯ ಎಲ್ಲವನ್ನೂ ಗುಬ್ಬಿಗೆ ತಂದ. ಕೋಣೆಯ ಬೀಗ ತೆಗೆಸಲು ಅವಳು ಅಪ್ಪನ ಎದುರು ನಿಂತಳು.

“ನನ್ನ ಕಣ್ಣು ನಂಗೂ ಬೇಕು ಅಪ್ಪ. ಆದ್ರೆ ಕೆಲಸ ಬಿಟ್ಟು ಕಣ್ಣು ಇಟ್ಕೊಂಡು ಏನು ನೋಡ್ಲಿ? ಬನ್ನಿ, ನಿಂತು ನೋಡಿ. ನಿಮಗೆ ಭಯ ಆದ್ರೆ ಆಮೇಲೆ ಮಾತಾಡೋಣ.”

ಮಹಾಲಿಂಗಯ್ಯ ಮಗಳ ಮುಖ ನೋಡಿ, ಬೀಗದ ಕೈಯನ್ನು ಅವಳ ಅಂಗೈಗಿಟ್ಟರು.

ಸಿದ್ದಗಂಗಯ್ಯ ಎಲ್ಲವನ್ನೂ ಜೋಡಿಸಿದ ಮೇಲೆ ಬಟ್ಟಲು ತಿರುಗತೊಡಗಿತು. ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ತಾನೂ ಓರೆಗೆ ನಿಂತು ಅವಳು ಕೂಗಿದಳು. “ಮೇನ್ ಸ್ವಿಚ್ ತೆಗೀರಿ.”

ಸಿದ್ದಗಂಗಯ್ಯ ಸ್ವಿಚ್ಚಿನ ಮೇಲೆ ಕೈಯಿಟ್ಟು ತಿರುಗಿ ನೋಡಿದ. “ತೆಗೀಲಾ?”

“ತೆಗೀರಿ ಅಂದೆ.”

ಪಂಪು ನಿಂತಿತು. ದೀಪ ಆರಿತು. ಲೇತು ಸುತ್ತುತ್ತ ಸುತ್ತುತ್ತ ಸೋತು ನಿಂತಿತು. ಬಟ್ಟಲು ಕದಲಲಿಲ್ಲ. ಅವಳು ಹೋಗಿ ಅದನ್ನು ಮುಟ್ಟಿದಳು, ಅದು ಇನ್ನೂ ಅಂಟಿಕೊಂಡೇ ಇತ್ತು.

ಮಹಾಲಿಂಗಯ್ಯ ಮಡಚಿದ ಬೆರಳುಗಳಿಂದ ಕಣ್ಣೊರೆಸಿಕೊಂಡು, “ಕಾಫಿ ಮಾಡ್ತೀನಿ,” ಎಂದು ಒಳಗೆ ಹೋದರು.

ಸಿದ್ದಗಂಗಯ್ಯ ಸ್ವಿಚ್ಚಿನ ಬಳಿಯಿಂದ ಎರಡು ಹೆಜ್ಜೆ ಮುಂದೆ ಬಂದ. “ಒಂದು ಮಾತು... ನಿಮ್ಮ ತಂದೇರ ಹತ್ರ ಕೇಳೋಣ ಅಂತಿದೀನಿ.”

“ಏನು?”

“ನಿಮ್ಮನ್ನ ನಂಗೆ ಕೊಡ್ತಾರಾ ಅಂತ.”

ಸರ್ವಮಂಗಳ ಉಳಿಯನ್ನು ಕೆಳಗಿಟ್ಟಳು. ಹುಬ್ಬು ಮೇಲೇರಿತು. “ಯಾರನ್ನ ಕೇಳ್ತೀರಿ?”

ಅವನು ತಡವರಿಸಿದ. ಆಮೇಲೆ ಅವಳ ಎದುರಿಗೇ ಬಂದು ನಿಂತು, ಕಣ್ಣಲ್ಲಿ ಕಣ್ಣಿಟ್ಟ. “ತಪ್ಪಾಯ್ತು. ನಿಮ್ಮನ್ನೇ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?”

ಅವಳು ಸೆರಗಿನಿಂದ ಮರದ ಹೊಟ್ಟು ಕೊಡವಿದಳು.

“ಮದುವೆ ಆದ್ಮೇಲೂ ನಂಗೆ ಸಿಟ್ಟು ಬರುತ್ತೆ. ಈಗ್ಲೇ ಹೇಳಿದೀನಿ.”

“ಬರ್ಲಿ ಬಿಡಿ. ಎರಡು ಬಸ್ ಹತ್ತಿ ಬಂದು ಬೈಯೋ ಕಷ್ಟನಾದ್ರೂ ತಪ್ಪುತ್ತೆ.”

ತಡೆದರೂ ನಗು ಬಂದುಬಿಟ್ಟಿತು. “ಹೂಂ,” ಎಂದಳು ಅವಳು. “ಈಗ ಹೋಗಿ ಅಪ್ಪನ್ನ ಕೇಳಿ.”